ಶಿಕ್ಷೆಯಾದವನ ಕೈ

“ಲೇ ಹೆಣ ಕುಯ್ಯೋನೆ, ಬಾಗ್ಲಲ್ಲೇ ನಿಂತ್ಕೊ! ಒಳಗೆ ಬಂದ್ರೆ ರೂಮೆಲ್ಲ ಗಬ್ಬು ನಾರತ್ತೆ.”

ದೊಡ್ಡ ಡಾಕ್ಟರು ಕೂಗಿದರು. ನಾನು ಅಲ್ಲೇ ನಿಂತೆ. ಈ ಆಸ್ಪತ್ರೆಯ ಹೆಣದ ಕೋಣೆಯಲ್ಲಿ ಕುಯ್ಯುವವನು, ಹೊಲಿಯುವವನು, ನೆಲ ತೊಳೆಯುವವನು ಎಲ್ಲ ನಾನೇ. ದಿನಗೂಲಿ. ಡಾಕ್ಟರು ಮೂಗು ಮುಚ್ಚಿಕೊಂಡು ದೂರದಲ್ಲಿ ನಿಂತು, ತಾವೇ ಕುಯ್ದು ನೋಡಿದೆವೆಂದು ಬರೆದು ರುಜು ಹಾಕುತ್ತಾರೆ. ಹೆಣ ಬಾಯಿ ಬಿಡುವುದಿಲ್ಲ, ನಾನೂ ಬಿಟ್ಟಿರಲಿಲ್ಲ. ಈ ವರ್ಷ ಕಾಯಂ ಮಾಡುತ್ತೇವೆಂದಿದ್ದರು. ಕಾಯಂ ಆದರೆ ಹಿಂದಿನ ಕ್ವಾರ್ಟರ್ಸಿನಲ್ಲಿ ಮನೆ. ಹೆಂಡತಿ ಆಗಲೇ ಹೋಗಿ ಒಲೆ ಎಲ್ಲಿಡಬೇಕೆಂದು ನೋಡಿಕೊಂಡು ಬಂದಿದ್ದಳು.

“ನಿಂದು ಕಾಯಂ ಆಗಲ್ಲ. ನಿಂಗೆ ಶಿಕ್ಷೆ ಆಗಿದೆ ಅಂತ ಪೊಲೀಸ್ರು ಬರೆದಿದಾರೆ.”

“ಎಲ್ಲಿಯ ಶಿಕ್ಷೆ ಸಾರ್? ನಾನು ಜೈಲಿನ ಗೋಡೇನೂ ನೋಡಿಲ್ಲ.”

“ಕೋರ್ಟಲ್ಲಿ ದಂಡ ಕಟ್ಟಿದ್ಯಲ್ಲೋ ಬೇಕೂಫ! ಅದೂ ಶಿಕ್ಷೇನೇ. ಅಪರಾಧಿ ಅಂತ ಒಂದ್ಸಲ ತೀರ್ಮಾನ ಆದ್ಮೇಲೆ ಸರ್ಕಾರಿ ಕೆಲಸ ಮರ್ತುಬಿಡು.”

ಆಗ ನೆನಪಾಯಿತು. ಹಿಂದೊಮ್ಮೆ ಕೈಗವಸು ಕೊಡಿ ಎಂದು ನಾನು ಇದೇ ಬಾಗಿಲಲ್ಲಿ ಕೂತಿದ್ದೆ. ಕಾವಲಿನವನು ನನ್ನನ್ನು ಎಳೆದಾಡುವಾಗ ಕಿಟಕಿಯ ಗಾಜು ಒಡೆಯಿತು. ಒಡೆದದ್ದು ಅವನ ಮೊಣಕೈ ತಾಗಿ, ಕೇಸು ಬಿದ್ದದ್ದು ನನ್ನ ತಲೆಗೆ. ಜಡ್ಜು “ತಪ್ಪು ಮಾಡಿದೀಯಾ?” ಎಂದು ಕೇಳಿದರು. ನಮ್ಮ ಜನಕ್ಕೊಂದು ಚಾಳಿ. ದೊಡ್ಡವರು ದನಿ ಎತ್ತಿದರೆ ಸಾಕು, ಏನು ಎತ್ತ ಎಂದು ಕೇಳದೆ “ತಪ್ಪಾಯ್ತು ಸ್ವಾಮಿ” ಅನ್ನುತ್ತೇವೆ. ಅವರು ನಮ್ಮ ಕಾಲು ತುಳಿದರೂ ಹಾಗನ್ನುವವರು ನಾವೇ. ಅಪ್ಪನಿಂದ ನನಗೆ ಬಂದ ಆಸ್ತಿ ಅದೊಂದೇ. ಅವತ್ತೂ ಅಂದುಬಿಟ್ಟೆ. ದಂಡ ಕಟ್ಟಿ, ಪೀಡೆ ತೊಲಗಿತೆಂದು ಚಹಾ ಕುಡಿದು ಮನೆಗೆ ಹೋದೆ. ನನ್ನ ನಾಲಿಗೆಗೆ ಬೆಂಕಿ ಬೀಳ!

“ನಮ್ಮ ಆಸ್ಪತ್ರೆ ಸಮಿತಿ ಅಧ್ಯಕ್ಷರಿಗೂ ಶಿಕ್ಷೆ ಆಗಿದ್ಯಲ್ಲ ಸಾರ್? ಮೊನ್ನೆ ನೀವೇ ಹಾರ ಹಾಕಿದ್ರಿ.”

“ಅವ್ರು ಅಪೀಲು ಹೋಗಿದಾರೆ. ಮೇಲಿನ ಕೋರ್ಟು ತಡೆ ಕೊಟ್ಟಿದೆ.”

“ನಾನೂ ಹೋಗ್ತೀನಿ.”

“ಒಪ್ಕೊಂಡೋನಿಗೆ ಎಲ್ಲಿಯ ಅಪೀಲೋ? ಅವ್ರು ಕೊನೇವರೆಗೂ ಇಲ್ಲ ಅಂದ್ರು. ಇಲ್ಲ ಅನ್ನೋಕೂ ಯೋಗ್ಯತೆ ಬೇಕು.”

ಒಲೆಯ ಜಾಗ ನೋಡಿ ಬಂದವಳಿಗೆ ಏನೆಂದು ಹೇಳಲಿ?

“ದಿನಗೂಲಿಗೆ ಬಾ, ಅದಕ್ಕೇನೂ ಅಡ್ಡಿಯಿಲ್ಲ. ಈಗ ಹೋಗು, ಒಂದು ಕೊಲೆ ಕೇಸು ಬಂದಿದೆ. ಬೇಗ ಕುಯ್ದು ಮುಗ್ಸು.”

ಅಂದರೆ ಅಪರಾಧಿಯ ಕೈಗೆ ಹೆಣ ಕೊಡಬಹುದು, ಪಿಂಚಣಿ ಕೊಡಬಾರದು. ನನಗೆ ನಗು ಬಂತು.

“ಕೊಲೆ ಕೇಸಾ ಸಾರ್? ಕುಯ್ದೋರು ಯಾರು ಅಂತ ವಕೀಲ ಕೇಳ್ತಾನೆ. ಶಿಕ್ಷೆ ಆದ ನನ್ಮಗ ಕುಯ್ದ ಅಂದ್ರೆ ಕೇಸು ನಿಲ್ಲುತ್ತಾ? ನಿಮ್ದು ಶುದ್ಧವಾದ ಕೈ. ನೀವೇ ಕುಯ್ರಿ.”

“ಏನಂದೆ ಸೂಳೆಮಗನೆ!”

ನಾನು ಹೆಣದ ಕೋಣೆಯತ್ತ ನಡೆದೆ. ಅವರು ಬಯ್ಯುತ್ತಲೇ ಬೆನ್ನ ಹಿಂದೆ ಓಡಿಬಂದರು. ಕೋಣೆಯ ಹೊರಗೆ ಬೆಂಚಿನ ಮೇಲೆ ಕೊಲೆಯಾದ ಹುಡುಗಿಯ ತಾಯಿ ಒಬ್ಬಳೇ ಕೂತಿದ್ದಳು. ಪೇದೆ ಬೀಡಿ ಸೇದಲು ಹೋಗಿದ್ದ.

“ಇನ್ನೂ ತಡಾನೇನಪ್ಪಾ?” ಎಂದಳು.

“ಇಲ್ಲಮ್ಮ. ಇವತ್ತು ದೊಡ್ಡ ಡಾಕ್ಟ್ರೇ ಖುದ್ದು ನೋಡ್ತಾರೆ.”

ಡಾಕ್ಟರು ಬಾಗಿಲಲ್ಲಿ ನಿಂತು ಕರವಸ್ತ್ರ ಹುಡುಕುತ್ತಿದ್ದರು. ಎರಡೂ ಕೈಯಿಂದ ಅವರನ್ನು ಒಳಕ್ಕೆ ದೂಡಿ, ಬಾಗಿಲೆಳೆದು ಬೀಗ ಜಡಿದೆ. ಒಳಗಿನಿಂದ ದಬದಬ ಬಡಿಯತೊಡಗಿದರು.

“ನಿಮ್ಮ ಮಗಳನ್ನ ಸರಿಯಾಗಿ ನೋಡಿದಾರೆ ಅಂತ ನಿಮಗೆ ಅನ್ನಿಸಿದ ಮೇಲೆ ತೆಗೀರಿ” ಎಂದು ಬೀಗದ ಕೈಯನ್ನು ಆ ತಾಯಿಗೆ ಕೊಟ್ಟೆ.

ಅವಳು ಒಂದು ಗಳಿಗೆ ಬಾಗಿಲನ್ನು ನೋಡಿದಳು. ಆಮೇಲೆ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಬೆಂಚನ್ನು ಬಾಗಿಲಿಗೆ ಅಡ್ಡ ಎಳೆದು ಕುಳಿತಳು.