ಆರು ಬಾತ್‌ರೂಮಿನ ಮನೆ

"ಥೂ, ಏಳೇ ಮೇಲೆ! ನಾಚಿಕೆಗೆಟ್ಟ ಮುಂಡೆ, ನಿಂಗೆ ನನ್ನ ಗೋಡೇನೇ ಬೇಕಿತ್ತಾ?"

ಏಳು ತಿಂಗಳ ಬಸುರಿ ಥಟ್ಟನೆ ಏಳುವುದೆಂದರೆ ಸುಲಭದ ಮಾತಲ್ಲ. ಗೋಡೆಯ ಮರೆಯಲ್ಲಿ ಮೂತ್ರಕ್ಕೆ ಕೂತಿದ್ದ ಟೈಲ್ಸ್ ಮೇಸ್ತ್ರಿಯ ಹೆಂಡತಿ ಒಂದು ಕೈಯನ್ನು ಗೋಡೆಗೆ ಊರಿ, ಇನ್ನೊಂದರಲ್ಲಿ ಸೀರೆ ಹಿಡಿದು ಎದ್ದು ನಿಲ್ಲುವಷ್ಟರಲ್ಲಿ, ಪಕ್ಕದ ಮನೆಯವನು ಮಹಡಿಯ ಮೇಲಿಂದಲೇ ಅವಳ ಅಮ್ಮ, ಅಜ್ಜಿ, ಇನ್ನೂ ಹುಟ್ಟದ ಕೂಸು, ಎಲ್ಲರನ್ನೂ ಒಂದು ಸುತ್ತು ವಿಚಾರಿಸಿಕೊಂಡಿದ್ದ. ಅವಳು ಅರ್ಧಕ್ಕೇ ಎದ್ದಿದ್ದಳು. ಉಳಿದರ್ಧ ಒಳಗೇ ಉಳಿಯಿತು, ಉರಿಯೂ ಜೊತೆಗೆ ಉಳಿಯಿತು.

ಐದು ತಿಂಗಳಿಂದ ಗಂಡ ಹೆಂಡತಿ ಇಬ್ಬರಿಗೂ ಆ ಗೋಡೆಯ ಈಚೆಗಿನ ಹೊಸ ಮನೆಯಲ್ಲೇ ಕೆಲಸ. ಗಂಡ ಟೈಲ್ಸು, ಕಮೋಡು ಕೂರಿಸುತ್ತಾನೆ, ಅವಳು ಸಂದಿಗೆ ಬಿಳಿ ಸಿಮೆಂಟು ತುಂಬಿ, ಒದ್ದೆ ಸ್ಪಂಜಿನಲ್ಲಿ ಒರೆಸುತ್ತಾಳೆ. ಮನೆಗೆ ಆರು ಬಾತ್‌ರೂಮು. ಇರುವವರು ಯಜಮಾನ, ಯಜಮಾನಿ, ಒಬ್ಬಳು ಮಗಳು. "ಸದ್ಯ, ತಲೆಗೆ ಎರಡೆರಡು ಬರತ್ತೆ, ಜಗಳ ಆಗಲ್ಲ ಬಿಡ್ರೀ" ಎಂದು ಅವಳು ಗಂಡನಿಗೆ ಒಮ್ಮೆ ಹೇಳಿದ್ದಳು. ನಕ್ಷೆಯಲ್ಲಿ ಏಳನೆಯದೂ ಇತ್ತು, ಕಾರಿನ ಶೆಡ್ಡಿನ ಪಕ್ಕ, ಕೆಲಸದವರಿಗೆಂದು. ಆಮೇಲೆ ಅದು ನಾಯಿಯ ಸ್ನಾನಕ್ಕಾಯಿತು. ಬಿಸಿನೀರಿನ ನಲ್ಲಿಯೂ ಬಂತು. ಆ ನಾಯಿಯನ್ನು ಅವಳು ನೋಡಿದ್ದಾಳೆ. ಒಳ್ಳೆಯ ನಾಯಿ, ಪಾಪ, ಯಾರಿಗೂ ಬೊಗಳುವುದಿಲ್ಲ.

ಮೊದಮೊದಲು ಹಿಂದೆ ಒಂದು ಖಾಲಿ ಸೈಟು ಇತ್ತು, ಅಲ್ಲಿ ಪೊದೆಗಳಿದ್ದವು. ಹೋದ ತಿಂಗಳು ಅದಕ್ಕೂ ಕಾಂಪೌಂಡು ಎದ್ದಿತು. ಅಂದಿನಿಂದ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಮೊನ್ನೆ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ಚೀಟಿ ನೋಡಿ ಬೈದಿದ್ದರು.

"ಮೂತ್ರದಲ್ಲಿ ಸೋಂಕಾಗಿದೆ. ನೀರು ಜಾಸ್ತಿ ಕುಡಿ, ಬಂದಾಗೆಲ್ಲ ಹೋಗು, ತಡ್ಕೋಬೇಡ. ಹೀಗೇ ಬಿಟ್ರೆ ದಿನ ತುಂಬೋ ಮುಂಚೆ ಹೆರಿಗೆ ಆಗತ್ತೆ. ಆಮೇಲೆ ಮಗು ಉಳೀಲಿಲ್ಲ ಅಂತ ನನ್ನ ಮುಂದೆ ಅಳಬೇಡ."

"ಎಲ್ಲಿ ಹೋಗ್ಲಿ ಸಿಸ್ಟರ್?"

"ಅದಕ್ಕೆ ನಮ್ಮಲ್ಲಿ ಮಾತ್ರೆ ಇಲ್ಲಮ್ಮ."

ಮೊದಲನೆಯ ಕೂಸು ಹಾಗೇ ಹೋಗಿತ್ತು. ಅವಳಿಗೆ ಭಯವಾಗಿತ್ತು.

ಹತ್ತು ಗಂಟೆಗೆ ಯಜಮಾನ, ಯಜಮಾನಿ ಕಾರಿನಲ್ಲಿ ಬಂದಿಳಿದರು. ಪಕ್ಕದ ಮನೆಯವನ ಫೋನು ಅವರು ಹೊರಡುವ ಮೊದಲೇ ಹೋಗಿತ್ತು.

"ಏನೋ ಮೇಸ್ತ್ರಿ, ನನ್ನ ಮಾನ ಕಳೀಬೇಕು ಅಂತಲೇ ಹೆಂಡ್ತೀನ ಕರ್ಕೊಂಡು ಬಂದಿದೀಯಾ?"

"ತಪ್ಪಾಯ್ತು ಯಜಮಾನ್ರೇ."

"ಮನೇಲೇ ಮುಗಿಸ್ಕೊಂಡು ಬರೋಕೆ ಇವಳಿಗೇನು ರೋಗ?"

"ಮುಗಿಸ್ಕೊಂಡೇ ಬರ್ತೀನಿ ಯಜಮಾನ್ರೇ" ಎಂದಳು ಅವಳು. "ಅದು ಮತ್ತೆ ಬರತ್ತೆ."

ಯಜಮಾನಿ ಮೂಗಿಗೆ ಸೆರಗು ಹಿಡಿದಳು. ಯಜಮಾನ ಮಾತ್ರ ಮೇಸ್ತ್ರಿಯ ಕಡೆಗೇ ತಿರುಗಿ, "ತಮ್ಮನ ಮನೆ ಕೆಲಸಾನೂ ನಿಂಗೇ ಅಂತ ಹೇಳಿದ್ದೆ. ಯೋಚನೆ ಮಾಡ್ಬೇಕಾಗತ್ತೆ" ಎಂದ. ಮೇಸ್ತ್ರಿ ತನ್ನ ಹೆಂಡತಿಯ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತ.

ಅಂದು ಕಮೋಡುಗಳನ್ನು ಪರೀಕ್ಷಿಸುವ ದಿನ. ಮೇಲಿನ ಟ್ಯಾಂಕಿಗೆ ನೀರು ಹತ್ತಿರಲಿಲ್ಲ. ಗಂಡ ಕೆಳಗಿನಿಂದ ಬಕೆಟ್ಟು ಹೊತ್ತು ತಂದು ಬಾಗಿಲಲ್ಲಿಡಬೇಕು, ಹೆಂಡತಿ ಹಳೇ ಪೇಪರು ಹರಿದು ಹಾಕಿ ನೀರು ಹೊಯ್ಯಬೇಕು, ಎಲ್ಲಾದರೂ ಕಟ್ಟಿಕೊಳ್ಳುತ್ತದೋ, ಕೆಳಗೆ ಸೋರುತ್ತದೋ ನೋಡಬೇಕು. ಒಂದೊಂದಕ್ಕೂ ಹತ್ತು ಸಲ. ಮೊದಲು ಯಜಮಾನಿಯ ಬಾತ್‌ರೂಮು.

"ಏಯ್, ಕಾಲು ತೊಳ್ಕೊಂಡು ಒಳಗೆ ಹೋಗು" ಎಂದಳು ಯಜಮಾನಿ. ಆ ನೆಲದ ಒಂದೊಂದು ಸಂದಿಯನ್ನೂ ಮೊಣಕಾಲೂರಿ ತುಂಬಿದವಳು ಕಾಲು ತೊಳೆದುಕೊಂಡು ಒಳಗೆ ಹೋದಳು.

ಒಂದು ಬಕೆಟ್ಟು. ಎರಡು. "ಸರಿಯಾಗಿ ಹೊಯ್ಯೇ, ಕೈಯಲ್ಲಿ ಬಲ ಇಲ್ವಾ?" ಮೂರು. ನಾಲ್ಕು. ಬಿಗಿಹಿಡಿದು ನಿಂತವರಿಗೆ ನೀರು ಸುರಿಯುವ ಸದ್ದು ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಐದನೆಯದಕ್ಕೆ ಕಿಬ್ಬೊಟ್ಟೆಯಲ್ಲಿ ಚಳುಕು ಹೊಡೆಯಿತು. ಒಳಗೆ ಕೂಸು ಒಮ್ಮೆ ಒದ್ದು ಸುಮ್ಮನಾಯಿತು. ಸುಮ್ಮನಾದದ್ದೇ ಅವಳಿಗೆ ಸಹಿಸಲಾಗಲಿಲ್ಲ. ಬಾಗಿಲಲ್ಲಿದ್ದ ಆರನೆಯ ಬಕೆಟ್ಟನ್ನು ಒಳಗೆಳೆದುಕೊಂಡು, ಬಾಗಿಲು ಹಾಕಿ, ಚಿಲಕ ಜಡಿದಳು.

"ಏಯ್! ಚಿಲಕ ಯಾಕೆ ಹಾಕ್ದೆ? ಏನ್ ಮಾಡ್ತಿದೀಯಾ ಒಳಗೆ?"

"ಚೆಕ್ ಮಾಡ್ತಿದೀನಿ ಅಮ್ಮಾವ್ರೇ."

ಬಾಗಿಲು ದಬದಬ ಎಂದಿತು. ಯಜಮಾನನ ಗಂಟಲು, ಯಜಮಾನಿಯ ಗಂಟಲು, ನಡುವೆ ಗಂಡನ ಅಳುದನಿ: "ಲೇ, ಕಾಲಿಗೆ ಬೀಳ್ತೀನಿ, ಹೊರಗೆ ಬಾರೇ." ಅವಳು ಅವಸರ ಮಾಡಲಿಲ್ಲ. ಈ ಕೆಲಸಕ್ಕೆ ಬಂದ ಐದು ತಿಂಗಳಲ್ಲಿ ಇಲ್ಲಿ ಮೊದಲ ಸಲ, ಯಾರೂ ನೋಡದ ಜಾಗದಲ್ಲಿ, ಪೂರ್ತಿ ಮುಗಿಸಿದಳು. ಕಣ್ಣಲ್ಲಿ ನೀರು ಬಂತು, ಉರಿಗೆ ಸ್ವಲ್ಪ, ಸುಖಕ್ಕೆ ಸ್ವಲ್ಪ. ಬಕೆಟ್ಟು ಎತ್ತಿ ಹೊಯ್ದಳು. ಎಲ್ಲೂ ಕಟ್ಟಿಕೊಳ್ಳಲಿಲ್ಲ. ಗಂಡನ ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ.

ಚಿಲಕ ತೆಗೆದಳು.

"ಸರಿಯಾಗಿದೆ ಯಜಮಾನ್ರೇ, ಸೋರಲ್ಲ."

"ಅಯ್ಯೋ ನನ್ನ ಬಾತ್‌ರೂಮು! ರೀ, ನಾನಿದನ್ನ ಮುಟ್ಟಲ್ಲ. ಇದನ್ನ ಕೀಳಿಸಿ, ಈಗಲೇ ಕೀಳಿಸಿ!"

"ಕೇಳಿಸ್ತೇನೋ ಬೋಳಿಮಗನೇ?" ಯಜಮಾನನ ಕೈ ಮೇಸ್ತ್ರಿಯ ಕಾಲರಿಗೆ ಹೋಯಿತು. "ಸುತ್ತಿಗೆ ತಗೊಂಡು ಬಾ. ಒಡೆದು ಹಾಕು. ಹೊಸದು ನಿನ್ನ ಕೂಲೀಲೇ ತರಿಸ್ತೀನಿ."

ಗಂಡ ಸುತ್ತಿಗೆ ತಂದ. ಕಮೋಡನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಅವಳು ಹಾಲ್‌ನ ಕಡೆ ನಡೆದಿದ್ದಳು. ಅಲ್ಲಿ ಕಿಟಕಿಯ ಕಟ್ಟೆಯ ಮೇಲೆ ಯಜಮಾನಿ ಮನೆಯಿಂದ ತಂದಿಟ್ಟ ನೀರಿನ ಬಾಟಲಿಯಿತ್ತು. ಮುಚ್ಚಳ ತಿರುಗಿಸಿ, ಬಾಟಲಿಗೆ ಬಾಯಿ ಹಚ್ಚಿಯೇ, ಗಟಗಟನೆ ತಳ ಕಾಣುವವರೆಗೂ ಕುಡಿದಳು. ಸೆರಗಿನಲ್ಲಿ ಬಾಯೊರೆಸಿಕೊಂಡಳು.

"ಸ್ವಲ್ಪ ತಡೀರೀ" ಎಂದಳು ಗಂಡನಿಗೆ. "ಒಂದೊಂದೇ ಒಡೆದು ಯಾಕೆ ಸುಸ್ತಾಗ್ತೀರಾ? ಇನ್ನೂ ಐದಿದೆ."

ಯಜಮಾನರ ಮಗಳ ಬಾತ್‌ರೂಮಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡಳು.