ಎಮ್ಮೆಗೆ ಬುದ್ಧಿ ಹೇಳಿದ ತಿಮ್ಮವ್ವ

೧೯೯೧ರಲ್ಲಿ ಲಿಂಗಸುಗೂರಿನ ಮನೋವೈದ್ಯೆ ಶೇಖರಮ್ಮ ವಾರಕ್ಕೊಮ್ಮೆ ಸಿಂಧನೂರಿಗೆ ಬಂದು ಬಾಣಂತಿಯರನ್ನೂ ಮಕ್ಕಳನ್ನೂ ನೋಡುತ್ತಿದ್ದರು. ಒಂದು ಸೋಮವಾರ ತುರ್ವಿಹಾಳದ ತಿಮ್ಮವ್ವ ತನ್ನ ಸೊಸೆ ಆದಮ್ಮನನ್ನು ಕರೆತಂದಳು. ಹೆರಿಗೆಯಾಗಿ ತಿಂಗಳಾದರೂ ಆದಮ್ಮನಿಗೆ ನಿದ್ದೆಯಿಲ್ಲ, ಮಾತಿಲ್ಲ. ಕೂಸನ್ನು ಕಂಡರೆ ಸುಮ್ಮನೆ ಅಳುತ್ತಿದ್ದಳು.

ಡಾಕ್ಟರು ಕೇಳಿದ್ದಕ್ಕೆಲ್ಲ ತಿಮ್ಮವ್ವನೇ ಉತ್ತರ ಕೊಟ್ಟಳು. ನಡುನಡುವೆ ಸೊಸೆಗೆ, "ಸೆರಗು ಸರಿ ಮಾಡ್ಕೊ, ಕೂಸಿನ ತಲಿ ಹಿಡಿ, ಹಂಗ ಕುಂದರಬ್ಯಾಡ" ಎಂದಳು.

ಶೇಖರಮ್ಮ ಗುಳಿಗೆ ಬರೆದರು. "ಕೂಸನ್ನ ನೀವು ನೋಡ್ಕೊಳ್ರಿ, ಇಕಿ ಮಲಗ್ಲಿ. ಒಂದು ತಿಂಗಳು ಇಕಿಗೆ ಯಾರೂ ಬುದ್ಧಿ ಹೇಳಬಾರ್ದು."

ತಿಮ್ಮವ್ವ ಗಾಬರಿಯಾದಳು. "ಮತ್ತ ನಾ ಯಾರಿಗಿ ಹೇಳ್ಲಿ ರೀ?"

"ಎಮ್ಮಿಗಿ ಹೇಳ್ರಿ!" ದಣಿದಿದ್ದ ಶೇಖರಮ್ಮನ ಬಾಯಿಂದ ಬಂದೇಬಿಟ್ಟಿತು.

ತಿಂಗಳ ಮೇಲೆ ಇಬ್ಬರೂ ಬಂದರು. ಸೊಸೆಯ ಮುಖದಲ್ಲಿ ಚೆನ್ನಾಗಿ ನಿದ್ದೆ ಮಾಡಿದ ಕಳೆಯಿತ್ತು, ಅತ್ತೆಯ ಮುಖ ಬಾಡಿತ್ತು.

"ನೀವು ಹೇಳ್ದಂಗ ದಿನಾ ಎಮ್ಮಿಗಿ ಹೇಳೀನ್ರೀ. ಹೆಂಗ ನಿಂದರಬೇಕು, ಹೆಂಗ ಮೇಯಬೇಕು, ಎಲ್ಲಾ. ಈಗ ಅದು ಮೇವು ಬಿಟ್ಟೈತಿ. ನನ್ನ ಕಂಡ್ರ ಗ್ವಾಡಿ ಕಡಿ ಮುಖ ತಿರುವಾಕತ್ತೈತಿ."

ಶೇಖರಮ್ಮ ತಲೆ ತಗ್ಗಿಸಿ ನಗು ನುಂಗುತ್ತಿರುವಾಗ ಆದಮ್ಮ ಮೆಲ್ಲಗೆ ಬಾಯಿಬಿಟ್ಟಳು.

"ಮುಂದಿನ ವಾರ ಅದನ್ನೂ ಕರ್ಕೊಂಡು ಬರೂಣೇನ್ರೀ ಡಾಕ್ಟ್ರೇ?"

ಹೇಳಿ ತಾನೇ ನಕ್ಕಳು. ಎರಡು ತಿಂಗಳಲ್ಲಿ ಅವಳಾಡಿದ ಮೊದಲ ಮಾತು ಅದು. ತಿಮ್ಮವ್ವ ಎಮ್ಮೆಯ ಚಿಂತೆ ಮರೆತು, "ಮಾತಾಡಿದ್ಲು ನೋಡ್ರೀ!" ಎಂದು ಸೊಸೆಯ ಕೆನ್ನೆ ಸವರಿ ಅತ್ತಳು.