ಡೆಲ್ಲಿ ಹುಡುಗಿಯ ಮಡಿಲಕ್ಕಿ

ನಮ್ಮತ್ತೆ ರಾಮಲಕ್ಷ್ಮಮ್ಮ ಅಂದರೆ ಇಡೀ ಮಾಸ್ತಿ ಊರಿಗೇ ಜೋರು ಬಾಯಿಯ ಹೆಂಗಸು. ನಾನೇನು ಕಮ್ಮಿಯಿರಲಿಲ್ಲ ಬಿಡಿ, ಆದರೆ ನನ್ನದು ತೆಲುಗು ಬಾಯಿ. ಪುಂಗನೂರಿನಿಂದ ಸೊಸೆಯಾಗಿ ಬಂದ ದಿನವೇ ಅತ್ತೆ ಹೇಳಿಬಿಟ್ಟಿದ್ದರು: “ಅಂಜಮ್ಮ, ಈ ಮನೇಲಿ ಕನ್ನಡ ಕಣೇ. ತೆಲುಗು ಗಿಲುಗು ಎಲ್ಲಾ ಹೊಸ್ತಿಲಾಚೆ.” ಹಾಗಾಗಿ ಎಮ್ಮೆಗೆ ಹುಲ್ಲು ಹಾಕುವಾಗ ಮಾತ್ರ ನಾನು ತೆಲುಗು ಆಡುತ್ತಿದ್ದೆ. ಪಾಪ, ಅದು ಯಾರಿಗೂ ಚಾಡಿ ಹೇಳಲಿಲ್ಲ.

ಮದುವೆಯಲ್ಲಿ ನಮ್ಮಪ್ಪ ಒಂದು ಎಡವಟ್ಟು ಮಾಡಿದ್ದ. ಗಂಡಿನ ಕಡೆಯ ಹಿರಿಯರನ್ನು ಎರಡನೇ ಪಂಕ್ತಿಗೆ ಕೂರಿಸಿದ್ದ. ಅಷ್ಟು ಸಾಕಾಯಿತು. “ಅವರಪ್ಪ ಬಂದು ತಪ್ಪಾಯ್ತು ಅಂತ ಹೇಳಿ ಕರ್ಕೊಂಡ್ ಹೋಗ್ಲಿ. ಅಲ್ಲೀವರೆಗೂ ಕಳಿಸಲ್ಲ” ಎಂದರು ಅತ್ತೆ. ಅಪ್ಪನೂ ಹಠಮಾರಿ, ಬರಲಿಲ್ಲ. ಎರಡು ವರ್ಷ ನಾನು ತವರಿನ ಮುಖ ನೋಡಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಾಳೆ ಎಂದು ಕಾಗದ ಬಂದಾಗ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಎಂಬತ್ತಾರರಲ್ಲಿ ನನ್ನ ಗಂಡ ಮುನಿಶಾಮಿ ಮಾಲೂರಿನಿಂದ ಕಪ್ಪು ಬಿಳುಪು ಟೀವಿ ತಂದ. ಶುಕ್ರವಾರ ಸಾಯಂಕಾಲ ಹಿಂದಿ ಸೀರಿಯಲ್ಲು, ಬೀದಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ. ಒಬ್ಬರಿಗೂ ಹಿಂದಿ ಬಾರದು. “ನಮ್ ಅಂಜಿ ಸ್ಕೂಲಲ್ಲಿ ಹಿಂದಿ ಓದವ್ಳೆ” ಎಂದು ಗಂಡ ಜಂಬ ಕೊಚ್ಚಿದ. ನಮ್ಮೂರಿಗೆ ಹಿಂದಿ ಮೇಷ್ಟ್ರು ಬಂದಿದ್ದು ಆರೇ ತಿಂಗಳು! ಆದರೂ ಬರುತ್ತೆ ಅಂದೆ, ಮರ್ಯಾದೆ ಪ್ರಶ್ನೆ.

ಸೀರಿಯಲ್ಲಿನಲ್ಲಿ ಡೆಲ್ಲಿಯ ಸೊಸೆಯೊಬ್ಬಳು ವಾರವಾರವೂ ಅಳುತ್ತಿದ್ದಳು. “ಯಾಕಂತೆ ಅಳೋದು?” ಎಂದರು ಪಕ್ಕದ ಮನೆ ಚಿಕ್ಕಗಂಗಮ್ಮ. ಯಾಕೋ ಆ ಶಿವನಿಗೇ ಗೊತ್ತು. “ತವರಿಗೆ ಕಳಿಸ್ತಿಲ್ವಂತೆ” ಅಂದೆ.

ಒಮ್ಮೆ ಬಾಯಿಗೆ ಬಂದದ್ದು ಆಮೇಲೆ ನಿಲ್ಲಲೇ ಇಲ್ಲ. ಅವಳಮ್ಮನಿಗೆ ಕಾಯಿಲೆಯಂತೆ, ಮನೆ ಮುಂದೆ ಹುಣಸೆ ಮರವಂತೆ, ಕಟ್ಟಿಹಾಕಿದ ಸೊಂಟದೆತ್ತರದ ಬಿಳಿ ಹಸು ಅವಳ ದಾರಿ ಕಾಯುತ್ತಿದೆಯಂತೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಟೀವಿಯೊಳಗಿನ ಅತ್ತೆಯನ್ನು ನಮ್ಮತ್ತೆ ಬೈದಿದ್ದೇ ಬೈದಿದ್ದು: “ಥೂ, ನಿನ್ ಮನೆ ಹಾಳಾಗ! ಹೆಣ್ಣು ಹೆತ್ತಿಲ್ವೇನೇ ನೀನು?” ನಾನು ನಗಲೂ ಆರದೆ, ಅಳಲೂ ಆರದೆ ಕೂತಿದ್ದೆ.

ಒಂದು ಶುಕ್ರವಾರ ಆ ಹುಡುಗಿ ಪೆಟ್ಟಿಗೆ ಹಿಡಿದು ಮನೆಯಿಂದ ಹೊರಟೇಬಿಟ್ಟಳು.

“ತವರಿಗಾ?” ಎಂದರು ಅತ್ತೆ.

“ಹೂಂ ಅತ್ತೆ.”

“ಅಯ್ಯೋ, ಬರೀ ಮಡಿಲಲ್ಲಿ ಹೊರಟವ್ಳಲ್ಲೇ!” ಅತ್ತೆ ದಡಬಡ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕಾಯಿ, ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ತಂದು ಟೀವಿ ಮುಂದೆ ಇಟ್ಟರು. ಗಾಜಿನ ಮೇಲೆ ಹುಡುಗಿಯ ಹಣೆ ನೋಡಿ ಕುಂಕುಮ ಇಟ್ಟರು. ಸೀರಿಯಲ್ಲು ಮುಗಿಯಿತು. ಹೆಂಗಸರು ಮೂಗೊರೆಸಿಕೊಳ್ಳುತ್ತಾ ಮನೆಗೆ ಹೋದರು.

ಮೊರ ಅಲ್ಲೇ ಇತ್ತು. ನಾನು ಎತ್ತಿಡಲು ಬಗ್ಗಿದೆ.

“ಮಡಿಲಿಗೆ ಅಂತ ತೆಗೆದ ಅಕ್ಕೀನ ಮತ್ತೆ ಮಡಿಕೆಗೆ ಸುರೀಬಾರ್ದು. ಸೆರಗು ಒಡ್ಡು” ಎಂದರು ಅತ್ತೆ.

“ನಾನಾ?”

“ಇನ್ಯಾರು? ಅಲ್ವೇ, ಡೆಲ್ಲಿ ಹುಡುಗಿ ತವರಲ್ಲಿ ಸೊಂಟದೆತ್ತರದ ಹಸು ಎಲ್ಲಿಂದ ಬಂತೇ? ಅದು ನಿಮ್ಮ ಪುಂಗನೂರಿನ ಗಿಡ್ಡ ತಳಿ ಹಸು ಅಂತ ತಿಳಿಯದಷ್ಟು ದಡ್ಡಿಯೇನೇ ನಾನು?”

ಸೆರಗು ಒಡ್ಡಿಕೊಂಡೇ ಬೈಗುಳಕ್ಕೆ ಕಾದೆ.

“ಐದು ವಾರ ನಿನ್ನ ಕತೆ ಕೇಳಿ ನನ್ನನ್ನೇ ನಾನು ಬೈಯ್ಕೊಂಡೆ ಕಣೇ” ಎಂದು ಅತ್ತೆ ಮೊರದ ಅಕ್ಕಿಯನ್ನು ನನ್ನ ಸೆರಗಿಗೆ ಸುರಿದರು.

ಮಾರನೇ ದಿನ ಬೆಳಿಗ್ಗೆ ನನ್ನನ್ನೂ ಮುನಿಶಾಮಿಯನ್ನೂ ಮಾಲೂರು ಬಸ್ಸಿಗೆ ಹತ್ತಿಸಲು ಅವರೇ ಬಂದರು. ಕೋಲಾರ, ಮುಳಬಾಗಿಲು ದಾಟಿ ಸಂಜೆಯೊಳಗೆ ಅಮ್ಮನ ಹತ್ತಿರ ಇರಬಹುದಿತ್ತು. ಬಸ್ಸು ಹೊರಟಾಗ ಅತ್ತೆ ಕಿಟಕಿಯ ಕಂಬಿ ಹಿಡಿದುಕೊಂಡು, ಊರೆಲ್ಲ ಕೇಳುವಂತೆ, “ಪೋಯಿ ರಾ ತಲ್ಲಿ” ಎಂದರು. ಹೋಗಿ ಬಾ ತಾಯಿ ಅಂತ, ತೆಲುಗಿನಲ್ಲಿ! ಎರಡು ವರ್ಷದಲ್ಲಿ ಅವರ ಬಾಯಲ್ಲಿ ನಾನು ಕೇಳಿದ ಮೊದಲ ತೆಲುಗು ಮಾತು ಅದು. ನನಗೆ ಅಳು ತಡೆಯಲಾಗಲಿಲ್ಲ.

ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಮತ್ತೆ ಕೂಗಿದರು: “ಶುಕ್ರವಾರದೊಳಗೆ ಬಂದ್ಬಿಡೇ! ಆ ಹುಡುಗಿ ಅತ್ತೆ ಮನೆಗೆ ತಿರುಗಿ ಬಂದ್ಲಾ ಇಲ್ವಾ ಅಂತ ನನಗ್ಯಾರು ಹೇಳ್ತಾರೆ?”